ಇನ್ನು ಹನ್ನೊಂದೇ ಮೀಟರ್

ಈ ಸಾಲುಗಳನ್ನು ಬರೆಯುವಾಗಲೂ ಎಡಗಾಲಿನಲ್ಲಿ ಜಿಗಣೆ ಕಚ್ಚಿದ ಜಾಗ ತುರಿಸುತ್ತಿದೆ. ಕೆರೆದುಕೊಂಡಾಗಲೆಲ್ಲ ಬಾಯಿಗೆ ಬರುವುದು ಭಾವಮೈದುನನ ಹೆಸರು.

ಮೈಸೂರಿನಿಂದ ಕೊಡಗಿಗೆ ಹೊರಟವರ ದಿನಚರಿ ಎಲ್ಲರಿಗೂ ಗೊತ್ತಿರುವುದೇ: ದಾರಿಯಲ್ಲಿ ಇಡ್ಲಿ, ಮಧ್ಯಾಹ್ನ ಅಬ್ಬಿ ಜಲಪಾತ, ಸಂಜೆ ರಾಜಾಸೀಟಿನಲ್ಲಿ ಸುಟ್ಟ ಜೋಳ, ಕೊನೆಗೆ ಕಾಳುಮೆಣಸಿನ ಪೊಟ್ಟಣ. ಇಪ್ಪತ್ತು ವರ್ಷ ನಾನು ಇದನ್ನು ನಿಷ್ಠೆಯಿಂದ ಪಾಲಿಸಿದ್ದೇನೆ. ಈ ಸಲ ಭಾವಮೈದುನ ಜಿಯೋಕ್ಯಾಶಿಂಗ್ ಎಂಬುದನ್ನು ಮೊಬೈಲಿಗೆ ಹಾಕಿಕೊಂಡು ಬಂದಿದ್ದ. ಯಾರೋ ಒಂದು ಡಬ್ಬಿಯನ್ನು ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶ ತಿಳಿಸುತ್ತಾರೆ, ಉಳಿದವರು ಅದನ್ನು ಹುಡುಕಬೇಕು. ಡಬ್ಬಿಯಿಂದ ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು.

“ಸಿಕ್ಕರೆ ಏನು ಕೊಡುತ್ತಾರೆ?” ಎಂದೆ.

“ಒಳಗಿರುವ ಪುಸ್ತಕದಲ್ಲಿ ಸಹಿ ಹಾಕಬಹುದು ಭಾವ.”

ಮೂವತ್ತು ವರ್ಷ ಕಚೇರಿಯಲ್ಲಿ ಕೂತಲ್ಲೇ ಸಹಿ ಹಾಕಿದವನಿಗೆ, ಅದಕ್ಕಾಗಿ ಬೆಟ್ಟ ಹತ್ತಬೇಕೆಂಬುದು ಹೊಸ ವಿಚಾರವಾಗಿತ್ತು. ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಇಟ್ಟಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳಲ್ಲಿ ತೆಗೆದುಹಾಕಿತಂತೆ. ಅದಾದ ಒಂದೆರಡು ದಿನಕ್ಕೇ ಆರೆಗಾನ್‌ನಲ್ಲಿ ಒಬ್ಬಾತ ಬಕೆಟ್ಟೊಂದನ್ನು ಹೂತಿಟ್ಟು ಈ ಆಟಕ್ಕೆ ನಾಂದಿ ಹಾಡಿದನಂತೆ. ತಪ್ಪನ್ನು ಹಾಗೆಯೇ ಬಿಟ್ಟಿದ್ದರೆ ನನ್ನ ಕಾಲು ಉಳಿಯುತ್ತಿತ್ತು.

ಕಕ್ಕಬ್ಬೆ ದಾಟಿ, 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಬಳಿ ಕಾರು ನಿಲ್ಲಿಸಿ, ತಡಿಯಂಡಮೋಳ್ ಬೆಟ್ಟದ ಕಡೆಗೆ ಕಾಫಿ ತೋಟದ ಅಂಚಿನಲ್ಲೇ ಹತ್ತಿದೆವು. ಒಂದು ಬೀಟೆ ಮರದ ಬಳಿ ಭಾವಮೈದುನ ನಿಂತು, “ಇನ್ನು ಹನ್ನೊಂದೇ ಮೀಟರ್ ಭಾವ” ಎಂದ. ಹನ್ನೊಂದು ಹೆಜ್ಜೆ ಇಟ್ಟೆವು, ಹದಿನಾಲ್ಕಾಯಿತು. ಎಡಕ್ಕೆ ಹೋದರೆ ಏಳು, ಕೂಡಲೇ ಇಪ್ಪತ್ತು, ಮತ್ತೆ ಹನ್ನೊಂದು. ದಟ್ಟ ಮರಗಳ ಕೆಳಗೆ ಉಪಗ್ರಹದ ಸಂಕೇತ ತಡವರಿಸುತ್ತದೆ ಎಂದು ವಿವರಿಸುತ್ತಲೇ ಅವನು ಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದ. ಅಶ್ವತ್ಥಕಟ್ಟೆಗೆ ಅಷ್ಟು ಸುತ್ತು ಬಂದಿದ್ದರೆ ಅವನಿಗೆ ಇಷ್ಟರಲ್ಲಿ ಮದುವೆಯಾದರೂ ಆಗಿರುತ್ತಿತ್ತು.

ನನ್ನ ಹೆಂಡತಿ ಮಾತ್ರ ಮರಗಳು ಮುಗಿಯುವ ಅಂಚಿನಲ್ಲಿ ಕೂತಿದ್ದಳು. ಕೆಳಗೆ ಕಣಿವೆಯಲ್ಲಿ ಮಂಜು ಒಂದು ತೋಟವನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಿತ್ತು. ಅರ್ಧ ಗಂಟೆ ಅವಳು ಮಂಡಿನೋವಿನ ಮಾತನ್ನೇ ಎತ್ತಲಿಲ್ಲ. “ಮಕ್ಕಳು ಚಿಕ್ಕವರಿದ್ದಾಗ ಇಲ್ಲಿಗೆ ಕರೆತರಬೇಕಿತ್ತು” ಎಂದಳು. ಆಗ ನಾವು ಅವರಿಗೆ ಜೋಳ ಕೊಡಿಸುತ್ತಿದ್ದೆವು.

ಗಂಬೂಟು ತೊಟ್ಟ, ತೋಟದ ಲೆಕ್ಕ ಬರೆಯುವ ರೈಟರು ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದರು.

“ಏನು ಕಳೆದುಕೊಂಡಿರಿ?”

“ನಾವೇನೂ ಕಳೆದುಕೊಂಡಿಲ್ಲ. ಬೇರೆಯವರು ಇಟ್ಟದ್ದನ್ನು ಹುಡುಕುತ್ತಿದ್ದೇವೆ.” ಹೇಳುವಾಗಲೇ ಇದು ಕಳ್ಳರ ಮಾತಿನಂತಿದೆ ಎನಿಸಿತು.

“ಆ ಹಸಿರು ಡಬ್ಬಿಯೋ? ಮಳೆನೀರಿಗೆ ಕೆಳಗೆ ಬಂದುಬಿಟ್ಟಿತ್ತು. ಲೈನ್‌ಮನೆಯಲ್ಲಿ ತೋಟದ ಆಳುಗಳು ಉಪ್ಪು ಹಾಕಿಟ್ಟುಕೊಂಡಿದ್ದಾರೆ. ಬನ್ನಿ, ನಿಮಗೂ ಬೇಕಾಗುತ್ತದೆ,” ಎಂದು ಅವರು ನನ್ನ ಕಾಲು ತೋರಿಸಿದರು. ಕಾಲುಚೀಲ ಕೆಂಪಾಗಿತ್ತು.

ಹೀಗೆ, ನಾವು ಒಂದು ಗಂಟೆ ಹುಡುಕಿದ ಡಬ್ಬಿಯಿಂದಲೇ ಉಪ್ಪು ತೆಗೆದು ಜಿಗಣೆ ಬಿಡಿಸಿದರು. ಪುಸ್ತಕ ಒಲೆ ಸೇರಿತ್ತು. ಭಾವಮೈದುನ ಎದೆಗುಂದಲಿಲ್ಲ, ನನ್ನಿಂದ ಪೆನ್ನು ಇಸಿದುಕೊಂಡು ಮುಚ್ಚಳದ ಒಳಬದಿಗೆ ತಾರೀಕು ಸಮೇತ ಸಹಿ ಹಾಕಿದ. ಆಮೇಲೆ, ತೆಗೆದುಕೊಂಡ ಉಪ್ಪಿಗೆ ಪ್ರತಿಯಾಗಿ ಏನಾದರೂ ಇಡಬೇಕೆಂಬ ನಿಯಮವೂ ಅವನಿಗೆ ನೆನಪಾಗಿರಬೇಕು. ಅವನು ಇಟ್ಟದ್ದು ಏನನ್ನು ಎಂಬುದು ನನಗೆ ಗೊತ್ತಾದದ್ದು ಹುಣಸೂರಿನಲ್ಲಿ, ಪೆಟ್ರೋಲಿನ ಲೆಕ್ಕ ಬರೆಯಲು ಜೇಬು ತಡವಿದಾಗ.