‘ನಾನು’ ಸುಳ್ಳು ಎಂದು ನಮ್ಮವರೆಲ್ಲ ಹೇಳಿಲ್ಲ: ಒಂದು ಸ್ಪಷ್ಟನೆ

‘ಭಾರತದ ಎಲ್ಲ ದರ್ಶನಗಳಿಗೂ ನಾನು ಎಂಬುದು ಸುಳ್ಳು, ಪಶ್ಚಿಮದವರಿಗೆ ಮಾತ್ರ ನಿಜ’ ಎಂಬ ಸಂದೇಶ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ನಮ್ಮ ನೆಲವನ್ನೇ ನೋಡಿ. 13ನೇ ಶತಮಾನದಲ್ಲಿ ಇಲ್ಲಿನ ತ್ರಿವಿಕ್ರಮ ಪಂಡಿತಾಚಾರ್ಯರು ಅದ್ವೈತಿಗಳಾಗಿದ್ದರು, ಅಂದರೆ ಜೀವ ಮತ್ತು ಬ್ರಹ್ಮ ಒಂದೇ ಎನ್ನುವವರು. ಮಧ್ವಾಚಾರ್ಯರೊಡನೆ ದಿನಗಟ್ಟಲೆ ವಾದ ಮಾಡಿ ಕೊನೆಗೆ ಅವರ ಶಿಷ್ಯರಾದರು. ಮಧ್ವರ ಪ್ರಕಾರ ಜೀವ ನಿಜ. ಅದು ದೇವರಿಂದ ಬೇರೆ, ಇನ್ನೊಂದು ಜೀವದಿಂದಲೂ ಬೇರೆ. ಮೋಕ್ಷದಲ್ಲೂ ಆ ಭೇದ ಅಳಿಯುವುದಿಲ್ಲ. ಇದಕ್ಕಿಂತ ಗಟ್ಟಿಯಾದ ‘ನಾನು’ ಬೇಕಾ? ಅದ್ವೈತದ ಶಂಕರರೂ ಆತ್ಮ ಇಲ್ಲ ಅನ್ನಲಿಲ್ಲ, ಎಲ್ಲರಲ್ಲೂ ಇರುವುದು ಒಂದೇ ಆತ್ಮ ಅಂದರು. ಶಾಶ್ವತ ಆತ್ಮ ಇಲ್ಲ ಅಂದವರು ಬೌದ್ಧರು.

ಪಶ್ಚಿಮದಲ್ಲೂ ಒಮ್ಮತ ಇಲ್ಲ. ‘ನಾನು’ ಅಂದರೆ ಬಂದುಹೋಗುವ ಅನುಭವಗಳ ಕಟ್ಟು ಅಷ್ಟೆ ಎಂದು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1739ರಲ್ಲೇ ವಾದಿಸಿದ್ದರು.

ಆ ಸಂದೇಶವನ್ನು ದಯವಿಟ್ಟು ಸುಮ್ನೆ ಮುಂದೆ ಕಳಿಸಬೇಡಿ.