ಟೇಪ್ ಹಿಡಿದು ದರ್ಶಿನಿಗೆ ಹೋದ ಕಥೆ

ಈ ವರ್ಷದ ಶುರುವಿನಲ್ಲಿ ಒಂದು ದಿನ ಬೆಳಗ್ಗೆ ನಮ್ಮ ಬಡಾವಣೆಯ ದರ್ಶಿನಿಯಲ್ಲಿ ನಿಂತುಕೊಂಡು ನಾನು ಟೇಪ್‌ನಲ್ಲಿ ಟೇಬಲ್ಲಿನ ಎತ್ತರ ಅಳೆಯುತ್ತಿದ್ದೆ. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದ ಹಿರಿಯರೊಬ್ಬರು ಟೇಪ್ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ತಮ್ಮ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. ಪಾಲಿಕೆಯಿಂದ ಬಂದವಳು ಅಂದುಕೊಂಡರೋ ಏನೋ. ಕ್ಯಾಶ್ ಕೌಂಟರಿನಲ್ಲಿದ್ದ ಭಟ್ಟರು ಕೂತಲ್ಲಿಂದಲೇ, "ಏನಮ್ಮಾ, ಹೋಟೆಲ್ ಹಾಕ್ತೀರಾ?" ಅಂದರು.

"ಇಲ್ಲ ಭಟ್ರೇ, ಮನೆಗೆ."

"ಮನೆಗಾ?" ಅಂತ ನಕ್ಕು, ಟೋಕನ್ ಹರಿಯುವ ಕೆಲಸಕ್ಕೆ ವಾಪಸ್ ಹೋದರು. 42 ಇಂಚು. ಫೋನಿನಲ್ಲಿ ಬರೆದುಕೊಂಡೆ.

ಈ ಅವತಾರಕ್ಕೆ ಹಿಂದೆ ಒಂದು ಪೆಟ್ಟು ತಿಂದ ಕಥೆಯಿದೆ.

ಎರಡು ವರ್ಷದ ಹಿಂದೆ ನಮ್ಮ ಫ್ಲ್ಯಾಟಿನ ಕೀ ಸಿಕ್ಕಿತು. ಎಲ್ಲರ ಹಾಗೆ ನಾನೂ ಪಿಂಟರೆಸ್ಟ್, ಇನ್‌ಸ್ಟಾಗ್ರಾಮ್ ಅಂತ ರಾತ್ರಿಯೆಲ್ಲ ಕಣ್ಣು ಕೆಡಿಸಿಕೊಂಡೆ. ಫೋನಿನಲ್ಲಿ ಆರುನೂರು ಚಿಲ್ಲರೆ ಫೋಟೋ. ಒಳ್ಳೆ ಹೋಟೆಲಿಗೆ ಊಟಕ್ಕೆ ಹೋದರೂ ಮೆನು ನೋಡುವ ಮೊದಲು ಲೈಟ್ ನೋಡುವುದು, ಗೋಡೆ ಮುಟ್ಟುವುದು. ನಮ್ಮನೆಯವರು ಒಂದು ಸಲ, "ಮೊದಲು ಆರ್ಡರ್ ಮಾಡೋಣ್ವಾ, ಆಮೇಲೆ ಗೋಡೆ ತಿನ್ನುವೆಯಂತೆ" ಅಂದಿದ್ದರು.

ಇಂದಿರಾನಗರದ ಕಡೆ ಒಂದು ಕೆಫೆ ಇತ್ತು. ಅಲ್ಲಿನ ಅಡುಗೆಕಟ್ಟೆಯ ಮೇಲೆ ಬಾಗಿಲಿಲ್ಲದ ಮರದ ಶೆಲ್ಫ್. ಅದರ ಮೇಲೆ ಗಾಜಿನ ಡಬ್ಬಿಗಳು, ಪಿಂಗಾಣಿ ಬಟ್ಟಲುಗಳು, ತಾಮ್ರದ ಚೊಂಬಿನಿಂದ ಇಳಿಬಿಟ್ಟ ಬಳ್ಳಿ. ನೋಡಿ ಕರಗಿಹೋದೆ. ಫೋಟೋ ತೆಗೆದು ಇಂಟೀರಿಯರ್‌ನ ಹುಡುಗನಿಗೆ ಕಳಿಸಿದೆ, ಇದೇ ಬೇಕು ಅಂದೆ. "ಸೂಪರ್ ಮೇಡಂ, ಈಗ ಇದೇ ಟ್ರೆಂಡು" ಅಂದ. ಟ್ರೆಂಡು ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಒಂದೂವರೆ ತಿಂಗಳಿಗೆ ಸಾಗರದಿಂದ ಅಮ್ಮ ಬಂದಳು. ಅಡುಗೆಮನೆಗೆ ಕಾಲಿಟ್ಟವಳೇ ತೋರುಬೆರಳನ್ನು ಶೆಲ್ಫಿನ ಮೇಲೆ ಎಳೆದಳು. ಬೆರಳಿನ ತುದಿಯಲ್ಲಿ ಕಂದು ಬಣ್ಣದ ಜಿಡ್ಡು, ಅದಕ್ಕೆ ಅಂಟಿದ ಧೂಳು. ಮೂಸಿ ನೋಡಿದಳು. "ಇಂಗಿನ ವಾಸನೆ ಬರ್ತಿದೆ ಕಣೆ" ಅಂದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ದಿನಾ ಒರೆಸೋರು ಯಾರು?"

ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಆ ಕೆಫೆಯಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಮೊದಲು ಆ ಶೆಲ್ಫ್ ಒರೆಸಲೆಂದೇ ಒಬ್ಬ ಹುಡುಗ ಇರುತ್ತಾನೆ. ಅದೂ ಬಿಡಿ, ಅಲ್ಲಿ ಮಾಡುವುದು ಕಾಫಿ, ಸ್ಯಾಂಡ್‌ವಿಚ್, ಕೇಕು. ಅಲ್ಲಿ ಒಗ್ಗರಣೆಯೇ ಇಲ್ಲವಲ್ಲ! ನಮ್ಮನೆಯಲ್ಲಿ ದಿನಕ್ಕೆ ಮೂರು ಸಲ ಸಾಸಿವೆ ಸಿಡಿಯುತ್ತದೆ. ಶೆಲ್ಫ್ ನೋಡಿ ಬಂದವಳು ಕೆಳಗಿನ ಒಲೆ ನೋಡಿರಲಿಲ್ಲ. ಆರು ತಿಂಗಳಿಗೆ ಮತ್ತೆ ಆಚಾರ್ರನ್ನು ಕರೆಸಿ ಬಾಗಿಲು ಹಾಕಿಸಿದೆ. ಡಬಲ್ ಖರ್ಚು.

ಆವತ್ತಿನಿಂದ ಎಲ್ಲಿ ಏನು ಚಂದ ಕಂಡರೂ, ಇದು ಇಲ್ಲಿ ಯಾಕೆ ಚಂದ ಇದೆ ಅಂತ ಕೇಳಿಕೊಳ್ಳುವ ಅಭ್ಯಾಸ ಬಂತು. ಸಾಮಾನು ಯಾವ ಅಂಗಡಿಯದು ಅನ್ನುವುದು ಆಮೇಲಿನ ಮಾತು.

ಎಂಟಿಆರ್‌ನ ಯಜ್ಞನಾರಾಯಣ ಮಯ್ಯರ ವಿಷಯ ನನಗೆ ಈ ಕಾರಣಕ್ಕೇ ತುಂಬಾ ಇಷ್ಟ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, 1924ರಲ್ಲಿ ಶುರುವಾದ ಹೋಟೆಲು. ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದರು. ನಾನಾಗಿದ್ದರೆ ಖಂಡಿತ ತೂಗುದೀಪವೋ ಕುರ್ಚಿಯೋ ನೋಡಿಕೊಂಡು ಬಂದು, ಮಾವಳ್ಳಿಯಲ್ಲಿ ಪ್ಯಾರಿಸ್ ಮಾಡಲು ಹೊರಡುತ್ತಿದ್ದೆ. ಅವರು ಕಲಿತು ಬಂದದ್ದು ಶುಚಿ. ಲೋಟ, ಚಮಚಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಕ್ರಮ ತಂದರು. ಬಂದವರು ಅಡುಗೆಮನೆ ನೋಡಬಹುದು ಅನ್ನುವ ಪದ್ಧತಿ ತಂದರು. ಆ ಹೋಟೆಲಿನ ಚೆಂದ ಇವತ್ತಿಗೂ ಇರುವುದು ಅದರಲ್ಲೇ, ಅಲ್ವಾ? ಅದಕ್ಕೇ ಬೆಳ್ಳಿ ಲೋಟದ ಕಾಫಿಗಾಗಿ ಜನ ಕಾಯುತ್ತಾರೆ, ಗೋಡೆಯ ಬಣ್ಣಕ್ಕಾಗಿ ಯಾರೂ ಕಾಯುವುದಿಲ್ಲ.

ಗಾಂಧಿಬಜಾರಿನ ವಿದ್ಯಾರ್ಥಿ ಭವನದಲ್ಲೂ ಅಷ್ಟೆ. 1943ರ ಹೋಟೆಲು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳು, ದೊಡ್ಡವರ ಪೆನ್ಸಿಲ್ ಚಿತ್ರಗಳಿವೆ. ಅದನ್ನು ನೋಡಿ ಈಗ ಹೊಸದಾಗಿ ಬರುವ "ಹಳೇ ಬೆಂಗಳೂರು" ಶೈಲಿಯ ಹೋಟೆಲಿನವರೆಲ್ಲ ಕಪ್ಪುಬಿಳುಪು ಫೋಟೋ ಪ್ರಿಂಟ್ ಹಾಕಿಸಿ ತೂಗುಹಾಕುತ್ತಿದ್ದಾರೆ. ಅದರಲ್ಲಿರುವವರು ಯಾರು ಅಂತ ಸಪ್ಲೈಯರ್‌ನ ಕೇಳಿ ನೋಡಿ. ಅವನಿಗೂ ಗೊತ್ತಿಲ್ಲ, ಓನರಿಗೂ ಗೊತ್ತಿಲ್ಲ. ಯಾರದೋ ಅಜ್ಜ ನಮ್ಮ ಮಸಾಲೆ ದೋಸೆ ನೋಡುತ್ತಾ ಕೂತಿರುತ್ತಾನೆ, ಪಾಪ.

ಇನ್ನು ಕಂಬದ ವಿಷಯ. ಇದನ್ನು ಬರೆದರೆ ಒಂದಿಬ್ಬರು ಗೆಳತಿಯರು ಮುನಿಸಿಕೊಳ್ಳುತ್ತಾರೆ, ಆದರೂ ಬರೆಯುತ್ತೇನೆ. ಹಳೇ ಮನೆ ಕೆಡವಿದಾಗ ಸಿಕ್ಕ ಕೆತ್ತನೆಯ ಮರದ ಕಂಬಗಳನ್ನು ದೊಡ್ಡ ಶೋರೂಮುಗಳಲ್ಲಿ ಪಾಲಿಶ್ ಹೊಡೆದು ನಿಲ್ಲಿಸಿರುತ್ತಾರೆ. ತಂದು ಟಿವಿ ಪಕ್ಕ ಇಡುತ್ತಾರೆ. ಮೇಲೆ ಜಿಪ್ಸಮ್ಮಿನ ಫಾಲ್ಸ್ ಸೀಲಿಂಗು. ಕೆಲವು ಕಡೆ ಕಂಬ ಸೀಲಿಂಗಿಗೆ ಮುಟ್ಟುವುದೂ ಇಲ್ಲ, ಮೇಲೆ ಒಂದು ಹೂದಾನಿ ಇಟ್ಟಿರುತ್ತಾರೆ. ಊರಿನ ಮಾಡು ಹೊತ್ತಿದ್ದ ಕಂಬ ಈಗ ಪ್ಲಾಸ್ಟಿಕ್ ಹೂ ಹೊರುತ್ತದೆ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಹೋಗಿದ್ದೀರಾ? ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ವಿಜಯನಾಥ ಶೆಣೈ ಅವರು ಕೆಡವುವ ಮನೆಗಳನ್ನು ಹುಡುಕಿ, ಬಿಚ್ಚಿ, ತಂದು, ಪೂರ್ತಿ ಮನೆಯಾಗಿ ಮತ್ತೆ ನಿಲ್ಲಿಸಿದ ಜಾಗ. 2017ರಲ್ಲಿ ತೀರಿಕೊಂಡರು. ಅಲ್ಲಿ ಚೌಕಿ ಮನೆಯೊಳಗೆ ನಿಂತರೆ ಕಂಬ ಯಾಕಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನಡುವೆ ಅಂಗಳ, ಅದಕ್ಕೆ ಬೀಳುವ ಬೆಳಕು, ಸುತ್ತ ಜಗಲಿ, ಆ ಜಗಲಿಯ ಮಾಡು ಹೊರಲು ಕಂಬ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಕೆಲಸವಿಲ್ಲ. ನಾನು ಅಲ್ಲಿ ಜಗಲಿ ಮೇಲೆ ಸುಮ್ನೆ ಕೂತುಬಿಟ್ಟೆ. ಕಂಬಕ್ಕೆ ಬೆನ್ನು ಕೊಟ್ಟರೆ ಅಂಗಳದ ಬೆಳಕು ಓದುವ ಪುಸ್ತಕದ ಮೇಲೇ ಬೀಳುತ್ತದೆ. ಮನೆಗೆ ಬಂದು ಮಾಡಿದ್ದು ಇಷ್ಟೇ: ಕಿಟಕಿಗೆ ಬೆನ್ನು ಹಾಕಿಕೊಂಡಿದ್ದ ಸೋಫಾವನ್ನು ಪಕ್ಕಕ್ಕೆ ಸರಿಸಿ, ಕಿಟಕಿ ಕೆಳಗೆ ಒಂದು ಗಟ್ಟಿ ಬೆಂಚು ಇಟ್ಟೆ. ಈಗ ಮಗಳು ಹೋಮ್‌ವರ್ಕ್ ಮಾಡುವುದು ಅಲ್ಲೇ.

ರೆಡ್ ಆಕ್ಸೈಡ್ ನೆಲದ ಹುಚ್ಚು ನನಗೆ ಬಹಳ ದಿನ ಇತ್ತು. ಅಮ್ಮನ ಮನೆಯ ನೆಲ ಅದು. ಸಂಜೆ ಹೊತ್ತು ದೇವರ ಮುಂದಿನ ದೀಪ ಅದರಲ್ಲಿ ಉದ್ದಕ್ಕೆ ಕಾಣುತ್ತದೆ. ನಮ್ಮ ಫ್ಲ್ಯಾಟಿನಲ್ಲಿ ಬಿಲ್ಡರ್ ಹಾಕಿದ ಬಿಳಿ ಟೈಲ್ಸ್. ಕಿತ್ತು ಹಾಕಿಸೋಣ ಅಂತ ಊರಿನ ಗಾರೆ ಕೆಲಸದವರೊಬ್ಬರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅಮ್ಮಾ, ಬಣ್ಣ ಕಲೆಸಿದ ಸಿಮೆಂಟು ಹಾಕಿದ ಮೇಲೆ ಮಧ್ಯೆ ಎದ್ದು ಹೋಗೋ ಹಾಗಿಲ್ಲ. ಕರಣೆಯಲ್ಲಿ ತಿಕ್ಕುತ್ತಾ ಕೂರಬೇಕು, ಕೈ ಸೋತರೆ ಅಲ್ಲೇ ಕಲೆ ಬೀಳುತ್ತೆ. ಆಮೇಲೆ ದಿನಗಟ್ಟಲೆ ನೀರು ಕಟ್ಟಬೇಕು. ಅಷ್ಟಾದ ಮೇಲೂ ನಿಮ್ಮ ಅಮ್ಮನ ಮನೆ ಹೊಳಪು ಬರಲ್ಲ. ಅದು ನಾನು ತಂದಿದ್ದಲ್ಲ, ನಲವತ್ತು ವರ್ಷ ನೀವೆಲ್ಲ ಓಡಾಡಿ ತಂದಿದ್ದು."

ಇಷ್ಟು ಕೇಳಿದ ಮೇಲೆ ಕಾಂಟ್ರಾಕ್ಟರ್ ತೋರಿಸಿದ "ರೆಡ್ ಆಕ್ಸೈಡ್ ಲುಕ್" ಟೈಲ್ಸ್ ಮೇಲೆ ಮನಸ್ಸೇ ಬರಲಿಲ್ಲ. ಕೂತು ಯೋಚಿಸಿದೆ. ಆ ನೆಲದಲ್ಲಿ ನನಗೆ ಇಷ್ಟವಾಗಿದ್ದು ಕೆಂಪಾ? ಅಲ್ಲ. ಮಧ್ಯಾಹ್ನ ಊಟ ಮುಗಿಸಿ, ದಿಂಬು ಕೂಡ ಇಲ್ಲದೆ, ಹಾಗೇ ಅಡ್ಡಾಗುವುದು. ಕೆನ್ನೆಗೆ ತಣ್ಣಗೆ ತಾಗುವುದು. ಅದಕ್ಕೆ ಬೇಕಾಗಿರುವುದು ಖಾಲಿ ಜಾಗ. ನಮ್ಮ ಹಾಲಿನ ನಡುವೆ ಒಂದು ಗಾಜಿನ ಟೀಪಾಯಿ ಇತ್ತು, ಎಲ್ಲರ ಮೊಣಕಾಲಿಗೂ ಒಂದೊಂದು ಸಲ ರುಚಿ ತೋರಿಸಿದ್ದು. ಅದನ್ನು ಕೊಟ್ಟುಬಿಟ್ಟೆ. ಈಗ ಭಾನುವಾರ ಮಧ್ಯಾಹ್ನ ಬಿಳಿ ಟೈಲ್ಸ್ ಮೇಲೆಯೇ ಮೂವರೂ ಉರುಳಿಕೊಂಡಿರುತ್ತೇವೆ. ತಣ್ಣಗೇ ಇದೆ.

ಲೈಟಿನ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಹೋಟೆಲಿನಲ್ಲಿ ನಿಮ್ಮ ಮುಖ ಚೆನ್ನಾಗಿ ಕಾಣುತ್ತದಲ್ಲ, ಅದು ಬಲ್ಬಿನ ಮಹಿಮೆ. ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇದ್ದರೆ ಹಳದಿ, 6500 ಇದ್ದರೆ ಆಸ್ಪತ್ರೆ. ಅಡುಗೆಕಟ್ಟೆಗೆ, ಓದುವ ಮೇಜಿಗೆ ಬಿಳಿ ಇರಲಿ. ಉಳಿದ ಕಡೆ ಬಲ್ಬ್ ಬದಲಾಯಿಸಿ ನೋಡಿ, ಆಮೇಲೆ ಫಾಲ್ಸ್ ಸೀಲಿಂಗ್ ಬಗ್ಗೆ ಯೋಚಿಸಿ. ಒಂಬತ್ತೂವರೆ ಅಡಿ ಸೂರನ್ನು ನಾವೇ ದುಡ್ಡು ಕೊಟ್ಟು ತಲೆ ಮೇಲೆ ಇಳಿಸಿಕೊಳ್ಳುವುದು ಯಾವ ಸುಖಕ್ಕೋ.

ಈಗ ಎಲ್ಲರ ಮನೆಯಲ್ಲೂ ಕಾಣುವ ಇನ್ನೊಂದು ಸಾಮಾನು ಅಂದರೆ "ಚಂಡೀಗಢ ಚೇರ್". ತೇಗದ ಮರ, ತಲೆಕೆಳಗಾದ ವಿ ಆಕಾರದ ಕಾಲು, ಬೆತ್ತದ ಸೀಟು, ಬೆತ್ತದ ಬೆನ್ನು. ಚಂಡೀಗಢದ ನಕ್ಷೆ ಹಾಕಿದ ವಾಸ್ತುಶಿಲ್ಪಿ ಲ ಕಾರ್ಬ್ಯುಸಿಯೆಯ ಸೋದರಸಂಬಂಧಿ ಪಿಯರ್ ಜನರೆ 1950ರ ದಶಕದಲ್ಲಿ ಚಂಡೀಗಢದ ಸರ್ಕಾರಿ ಕಚೇರಿಗಳಿಗಾಗಿ ರೂಪಿಸಿದ ಕುರ್ಚಿಗಳು. ಗುಮಾಸ್ತರು ಕೂತು ಸವೆಸಿದ ಕುರ್ಚಿ. ಕಾಲು ಮುರಿದವನ್ನು ಗುಡ್ಡೆ ಹಾಕಿ ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಕೊಂಡವರು ಹೊರದೇಶದಲ್ಲಿ ರಿಪೇರಿ ಮಾಡಿ ಲಕ್ಷಗಟ್ಟಲೆಗೆ ಮಾರಿದರು. ಈಗ ನಾವು ಅದರ ನಕಲನ್ನು ಇಎಂಐನಲ್ಲಿ ಕೊಳ್ಳುತ್ತಿದ್ದೇವೆ.

ಒಂದು ಅಂಗಡಿಯಲ್ಲಿ ಕೂತು ನೋಡಿದೆ. ಚೆನ್ನಾಗಿಯೇ ಇದೆ. ಬೆತ್ತದಲ್ಲಿ ಗಾಳಿ ಆಡುತ್ತದೆ, ಬೆನ್ನು ಬೆವರುವುದಿಲ್ಲ. ಆಗ ನೆನಪಾಯಿತು, ಊರಿನ ಮನೆಯ ಮೆತ್ತಿನ ಮೇಲೆ ಅಜ್ಜನ ಆರಾಮ ಕುರ್ಚಿ ಇದೆ. ಬೆತ್ತ ಹರಿದಿದ್ದಕ್ಕೆ ಮೇಲೆ ಹಾಕಿದ್ದರು, ಅಡಿಕೆ ಚೀಲದ ಹಿಂದೆ. ತರಿಸಿದೆ. ಬೆತ್ತ ಹೆಣೆಯುವವರು ಸಿಗಲು ಎರಡು ತಿಂಗಳು ಹಿಡಿಯಿತು. ಸಿಕ್ಕವರು ನಮ್ಮ ಬಾಲ್ಕನಿಯಲ್ಲೇ ಕೂತು ಹೆಣೆದರು. ಬೆತ್ತದ ಎಳೆಗಳನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ, ಒದ್ದೆ ಇರುವಾಗಲೇ ತೂತಿನಿಂದ ತೂತಿಗೆ ಎಳೆದು, ಒಂದೊಂದು ತೂತಿಗೂ ಒಂದು ಚಿಕ್ಕ ಕಡ್ಡಿ ಸಿಕ್ಕಿಸುತ್ತಾ ಹೋದರು. "ಈಗ ಸಡಿಲ ಅನ್ಸುತ್ತೆ ಅಕ್ಕಾ, ಒಣಗಿದಾಗ ಬಿಗಿ ಆಗುತ್ತೆ" ಅಂದರು. ಮಾರನೇ ದಿನ ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು. ಮೂರು ದಿನದ ಕೂಲಿ, ಬೆತ್ತದ ದುಡ್ಡು ಸೇರಿದರೂ ನಕಲಿ ಕುರ್ಚಿಯ ಅರ್ಧ ಬೆಲೆ ಆಗಲಿಲ್ಲ.

ಸರಿ, ದರ್ಶಿನಿಗೆ ಬರೋಣ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾದ ಪದ್ಧತಿ ಇದು. ಕುರ್ಚಿ ಇಲ್ಲ, ನೀವೇ ತರಬೇಕು, ನಿಂತು ತಿನ್ನಬೇಕು. ಹೋಟೆಲಿನವರಿಗೆ ಜಾಗ ಉಳಿಯಿತು, ನಮಗೆ ಹೊತ್ತು ಉಳಿಯಿತು. ಇಂಟೀರಿಯರ್ ಪತ್ರಿಕೆಗಳಲ್ಲಿ ದರ್ಶಿನಿಯ ಟೇಬಲ್ ಫೋಟೋ ನಾನಂತೂ ನೋಡಿಲ್ಲ. ಆದರೆ ಬೆಂಗಳೂರಿನಲ್ಲಿ ಇಷ್ಟು ಯೋಚಿಸಿ ಮಾಡಿದ ಸಾಮಾನು ಇನ್ನೊಂದು ಇದೆಯಾ ಅಂತ ಡೌಟು. ನಮ್ಮ ಭಟ್ಟರ ಟೇಬಲ್ಲನ್ನೇ ನೋಡಿ. ಕಲ್ಲಿನ ಅಂಚು ಉರುಟು, ಮುಂಗೈ ಊರಿದರೆ ಒತ್ತುವುದಿಲ್ಲ. ಕೆಳಗೆ ಬ್ಯಾಗ್ ಇಡಲು ಒಂದು ಹಲಗೆ. ಒದ್ದೆ ಬಟ್ಟೆಯಲ್ಲಿ ಒಂದು ಎಳೆತಕ್ಕೆ ಒರೆಸಿ ಮುಗಿಯಿತು. ಅಮ್ಮನ ಪ್ರಶ್ನೆಗೆ ಅಲ್ಲೇ ಉತ್ತರ ಇತ್ತು.

ನಮ್ಮನೆಯಲ್ಲಿ ಬೆಳಗ್ಗೆ ಏಳೂವರೆಗೆ ಯಾರೂ ಕೂರುವುದಿಲ್ಲ. ಡೈನಿಂಗ್ ಟೇಬಲ್ ಇದೆ, ಅದರ ಮೇಲೆ ಇಸ್ತ್ರಿ ಬಟ್ಟೆ ಇರುತ್ತದೆ. ನಮ್ಮನೆಯವರು ಕಾಫಿ ಲೋಟವನ್ನು ಫ್ರಿಜ್ ಮೇಲಿಟ್ಟು ಮರೆಯುವುದು, ಮಗಳು ಸಿಂಕಿನ ಪಕ್ಕ ನಿಂತು ದೋಸೆ ಮುರಿಯುವುದು. ನಾವು ದಿನಾ ದರ್ಶಿನಿಯಲ್ಲೇ ಇದ್ದೆವು, ಟೇಬಲ್ ಮಾತ್ರ ಇರಲಿಲ್ಲ. ಅಡುಗೆಮನೆ ಪಕ್ಕದ ಕಿಟಕಿಗೆ ಒಂದು ಕಟ್ಟೆ ಮಾಡಿಸಿದೆ. ನಾಲ್ಕಡಿ ಉದ್ದ, 14 ಇಂಚು ಅಗಲ, ಗ್ರಾನೈಟ್ ಅಂಗಡಿಯಲ್ಲಿ ಮಿಕ್ಕಿದ್ದ ಕಲ್ಲು. ಭಟ್ಟರ 42 ಇಂಚು ನನಗೆ ಸ್ವಲ್ಪ ಜಾಸ್ತಿ ಅನಿಸಿ, ಇಟ್ಟಿಗೆ ಮೇಲೆ ಹಲಗೆ ಇಟ್ಟು ಒಂದು ವಾರ ಕಾಫಿ ಕುಡಿದು ನೋಡಿ, 40ಕ್ಕೆ ಇಳಿಸಿದೆ. ಆಚಾರ್ರು ಹೈ ಸ್ಟೂಲ್ ಬೇಕೇ ಬೇಕು ಅಂತ ಹಟ ಹಿಡಿದರು. ಸ್ಟೂಲ್ ಇಟ್ಟರೆ ಕೂರುತ್ತೇವೆ, ಕೂತರೆ ಬಸ್ ತಪ್ಪುತ್ತದೆ ಅಂದೆ.

ಮೊನ್ನೆ ಆ ಇಂಟೀರಿಯರ್‌ನ ಹುಡುಗ ಯಾವುದೋ ಬಿಲ್ ಕೊಡಲು ಬಂದಿದ್ದ. ಕಾಫಿ ಕೊಟ್ಟೆ. ಕಟ್ಟೆಗೆ ಮೊಣಕೈ ಊರಿ ನಿಂತು ಕುಡಿದ, ಎರಡನೇ ಲೋಟವನ್ನೂ ಕುಡಿದ. "ಮೇಡಂ, ಈ ಕಾರ್ನರ್ ಸಖತ್ತಾಗಿದೆ, ಬೇರೆ ಕ್ಲೈಂಟಿಗೆ ತೋರಿಸ್ತೀನಿ" ಅಂತ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಂಡ. ಎಷ್ಟು ಇಂಚು ಅಂತ ಮಾತ್ರ ಕೇಳಲಿಲ್ಲ.