ಗೆರೆ ಗೆರೆ ಬಟ್ಟೆಯ ಗ್ರಹಚಾರ

ನಮ್ಮ ಒಂದು ಕಂಟೇನರ್ ಬಟ್ಟೆ ಒಂಬತ್ತು ದಿನ ಕಸ್ಟಮ್ಸ್ ಗೋಡೌನಿನಲ್ಲಿ ಅಳಿಯನ ಥರ ಕೂತಿತ್ತು. ಆ ಉಪಚಾರದ ಡೆಮರೇಜ್ ಬಿಲ್ಲು, ಅಂದರೆ ಮಾಲು ಬಿಡಿಸಿಕೊಳ್ಳೋದು ತಡವಾದದ್ದಕ್ಕೆ ತೆರಬೇಕಾದ ಬಾಡಿಗೆ, ಇವತ್ತು ಬೆಳಿಗ್ಗೆ ನನ್ನ ಮೇಜಿಗೆ ಬಂದಿದೆ. ಆಗಿನಿಂದ ಕಾಫಿಯೂ ಗಂಟಲಲ್ಲಿ ಇಳಿದಿಲ್ಲ.

ಚಿಕ್ಕಪೇಟೆಯ ಜವಳಿ ಅಂಗಡಿಯೊಂದರ ಮಹಡಿ ಮೇಲೆ ಕೂತು ಆಮದಿನ ಕಾಗದಪತ್ರ ನೋಡೋದು ನನ್ನ ಹೊಟ್ಟೆಪಾಡು. ಸುಂಕದ ಲೆಕ್ಕಕ್ಕೆ ಪ್ರತಿ ಬಟ್ಟೆಗೂ ಒಂದು ನಂಬರ್ ಇರುತ್ತೆ. ಜಿಎಸ್‌ಟಿ ಬಿಲ್ಲಿನಲ್ಲಿ ಸಣ್ಣಕ್ಷರದಲ್ಲಿ ಎಚ್‌ಎಸ್‌ಎನ್ ಅಂತ ಕಾಣುತ್ತಲ್ಲ, ಅದೇ. ಮೈಯೆಲ್ಲ ಉದ್ದುದ್ದ ಗೆರೆ ಉಬ್ಬಿರುವ ಕಾರ್ಡುರಾಯ್ ಬಟ್ಟೆಯ ಮನೆತನ 5801. ಗೆರೆಯ ಮೇಲಿನ ನೂಲನ್ನು ಸಣ್ಣ ಚಕ್ರದ ಚಾಕುವಿನಿಂದ ಕೊಯ್ದು ಜುಂಗು ಎಬ್ಬಿಸಿದ್ದರೆ, ಹತ್ತಿಯದಕ್ಕೆ 5801 22, ಪಾಲಿಯೆಸ್ಟರಿಗೆ 5801 32. ಕೊಯ್ಯದೆ ಬಿಟ್ಟಿದ್ದರೆ ಪಾಲಿಯೆಸ್ಟರ್ 5801 31ಕ್ಕೆ ಹೋಗುತ್ತೆ. ಇನ್ನು ನೇಯದೆ ಹೆಣೆದದ್ದು, ಅಂದರೆ ನಿಟೆಡ್ ಆಗಿದ್ದರೆ ಅಧ್ಯಾಯವೇ ಬೇರೆ, 6001. ನೋಡೋಕೆ ಎರಡೂ ಅವಳಿಜವಳಿ. ಕೆಳಗೆ ಅಂಗಡಿಯಲ್ಲಿ ಗಿರಾಕಿ ಕೇಳೋದು ಮಾತ್ರ ಒಂದೇ ಪ್ರಶ್ನೆ: "ಮೀಟರ್ ಎಷ್ಟು?"

ಈ ಸಲ ಚೀನಾದ ಕೆಚಿಯಾವೊದ ವ್ಯಾಪಾರಿ ಕಳಿಸಿದ ಇನ್‌ವಾಯ್ಸಿನಲ್ಲಿ 'ನೇಯ್ದ ಕಾರ್ಡುರಾಯ್' ಅಂತಿತ್ತು. ಅದೇ ಮಹಾನುಭಾವ ಕಳಿಸಿದ ಪ್ಯಾಕಿಂಗ್ ಲಿಸ್ಟಿನಲ್ಲಿ 'ನಿಟೆಡ್' ಅಂತಿತ್ತು. ಹಳೇ ಫೈಲಿನಿಂದ ಕಾಪಿ ಹೊಡೆದಿದ್ದಾನೆ. ಕೇಳಿದರೆ "ಸಾರಿ ಮೈ ಫ್ರೆಂಡ್" ಅಂತ ಒಂದು ಗುಲಾಬಿ ಹೂವಿನ ಚಿತ್ರ ಕಳಿಸಿದ. 2024ರಲ್ಲಿ ಕೆಲವು ನಿಟೆಡ್ ಬಟ್ಟೆಗಳಿಗೆ ಕಿಲೋಗೆ 3.5 ಡಾಲರ್ ಕನಿಷ್ಠ ಆಮದು ಬೆಲೆ ಕಟ್ಟಿದ್ದರು. ಹಾಗಾಗಿ ಆ ಒಂದು ಪದ ಕಂಡರೆ ಸಾಕು, ಅಧಿಕಾರಿಗಳ ಹುಬ್ಬು ಮೇಲೇರುತ್ತೆ. ಏರಿತು. ಮಾಲು ಬಿಚ್ಚಿ ತೋರಿಸಿ ಅಂದರು.

ಇಲ್ಲಿ ನಮ್ಮ ಯಜಮಾನ್ರ ವಿಷಯ ಹೇಳಲೇಬೇಕು. ಅವರಿಗೆ ಲ್ಯಾಬು, ರಿಪೋರ್ಟು ಯಾವುದರ ಮೇಲೂ ನಂಬಿಕೆಯಿಲ್ಲ. ನಂಬಿಕೆ ಇರೋದು ಬೆಂಕಿಪೊಟ್ಟಣದ ಮೇಲೆ. ಯಾವ ಬಟ್ಟೆ ಬಂದರೂ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಕಣ್ಣುಮುಚ್ಚಿ ಮೂಸುತ್ತಾರೆ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ "ಕಾಟನ್ನು!" ಕರಗಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಗಟ್ಟಿ ಮಣಿ ಕಟ್ಟಿದರೆ "ಪಾಲಿಯೆಸ್ಟರ್!" ಮರದ ತಿರುಳಿನಿಂದ ಮಾಡಿದ ವಿಸ್ಕೋಸ್ ನೂಲೂ ಕಾಗದದ ಹಾಗೇ ಉರಿಯುತ್ತೆ ಸಾರ್, ಆದರೆ ಕಸ್ಟಮ್ಸ್ ಲೆಕ್ಕದಲ್ಲಿ ಅದು ಹತ್ತಿ ಅಲ್ಲ, ಪಾಲಿಯೆಸ್ಟರ್ ಜೊತೆಗೇ ಕೃತಕ ನೂಲಿನ ಸಾಲಿಗೆ ಸೇರುತ್ತೆ ಅಂತ ಹತ್ತು ಸಲ ಹೇಳಿದ್ದೇನೆ. "ನೀನು ಪುಸ್ತಕ ಓದಿದವನು, ನಾನು ಬಟ್ಟೆ ಓದಿದವನು" ಅಂತಾರೆ. ಅವರ ಟೇಬಲ್ಲಿನ ಗಾಜಿನ ಮೇಲೆ ಮೂವತ್ತು ವರ್ಷದ ಕರಿಮಣಿಗಳಿವೆ. ಪೋಣಿಸಿದರೆ ತಾಳಿ ಸರವೇ ಆದೀತು. ಹೊಸ ಷರ್ಟು ಹಾಕಿಕೊಂಡು ಆಫೀಸಿಗೆ ಹೋಗೋಕೆ ನನಗೇ ಭಯ.

ಗೋಡೌನಿನಲ್ಲಿ ಅಧಿಕಾರಿ ಒಂದು ರೋಲು ಬಿಚ್ಚಿಸಿ, ಭೂತಗನ್ನಡಿ ಹಿಡಿದು ನೇಯ್ಗೆಯೋ ಹೆಣಿಗೆಯೋ ಅಂತ ಬಗ್ಗಿ ನೋಡುತ್ತಿದ್ದರು. ಹಿಂದಿನಿಂದ 'ಚರ್ರ್' ಅಂತ ಸದ್ದು. ತಿರುಗಿದರೆ, ನೆಲದಿಂದ ಸೂರಿನವರೆಗೆ ಬಟ್ಟೆ ಪೇರಿಸಿದ ಆ ಗೋಡೌನಿನಲ್ಲಿ, ಯಜಮಾನ್ರ ಕೈಯಲ್ಲಿ ಉರಿಯುವ ಕಡ್ಡಿ, ಇನ್ನೊಂದು ಕೈಯಲ್ಲಿ ಎಳೆ. ಮುಖದಲ್ಲಿ ಮಂಗಳಾರತಿಯ ತನ್ಮಯತೆ. "ನೋಡಿ ಸಾರ್, ಈಗಲೇ ಹೇಳ್ತೀನಿ" ಅನ್ನುವಷ್ಟರಲ್ಲಿ ಸೆಕ್ಯುರಿಟಿಯವನು ಹಾರಿ ಬಂದು ಕಡ್ಡಿಯನ್ನೂ, ಯಜಮಾನ್ರನ್ನೂ ಒಟ್ಟಿಗೇ ಆರಿಸಿದ. ಅವರನ್ನು ಗೇಟಿನಾಚೆ ಕೂರಿಸಿ ಬಂದರು. ಆಚೆಯಿಂದಲೂ ಕೂಗು ಕೇಳಿಸಿತು: "ಮಣಿ ಕಟ್ಟಿದೆ! ಪಾಲಿಯೆಸ್ಟರೇ!" ಪಾಲಿಯೆಸ್ಟರ್ ಅನ್ನೋದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ ಅನ್ನೋದನ್ನ ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಸ್ಯಾಂಪಲ್ ಕತ್ತರಿಸಿ, ಸೀಲು ಹಾಕಿ ಲ್ಯಾಬಿಗೆ ಕಳಿಸಿದರು. ಕಾಯುತ್ತಾ ಕೂತಾಗ ಬಿಚ್ಚಿದ ರೋಲಿನ ಮೇಲೆ ಉಗುರು ಎಳೆದೆ. ಸರ್ರ್. ಐದನೇ ಕ್ಲಾಸಿನಲ್ಲಿ ದೀಪಾವಳಿಗೆ ಅಪ್ಪ ಹೊಲಿಸಿಕೊಟ್ಟ ಪಾಚಿ ಬಣ್ಣದ ಕಾರ್ಡುರಾಯ್ ಪ್ಯಾಂಟಿನದೇ ಸದ್ದು. ನಡೆದರೆ ತೊಡೆಗೆ ತೊಡೆ ಉಜ್ಜಿ ಸರ್ರ್ ಸರ್ರ್. ತಡವಾಗಿ ಬಂದು ಹಿಂದಿನ ಬೆಂಚಿಗೆ ಕದ್ದು ಹೋಗೋಕೂ ಬಿಡುತ್ತಿರಲಿಲ್ಲ. ಗೋಲಿ ಆಡಿ ಆಡಿ ಮಂಡಿಯ ಗೆರೆಗಳು ಮೊದಲು ಬೋಳಾದವು, ಆಮೇಲೆ ತಮ್ಮನಿಗೆ ಹೋಯಿತು. ಹಾಕಿ ಸವೆದ ಬಟ್ಟೆಗೂ ಒಂದು ನಂಬರ್ ಇದೆ, 6309. ಆದರೆ ಮೂಟೆಗಟ್ಟಲೆ ಬಂದರೆ ಮಾತ್ರ. ಒಂಟಿ ಪ್ಯಾಂಟಿಗೆ ಅಲ್ಲೂ ಜಾಗವಿಲ್ಲ.

ಒಂಬತ್ತನೇ ದಿನ ವರದಿ ಬಂತು. ನೇಯ್ದದ್ದು, ಪಾಲಿಯೆಸ್ಟರ್, ಕೊಯ್ದ ಜುಂಗು. 5801 32. ಅಂದರೆ ಮೊದಲ ದಿನ ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆಯಲ್ಲಿ, ಅಂದರೆ ಬಿಲ್ ಆಫ್ ಎಂಟ್ರಿಯಲ್ಲಿ, ನಾನು ಬರೆದದ್ದೇ. "ನಾನು ಕಡ್ಡಿ ಗೀರಿದಾಗಲೇ ಕೇಳಿದ್ದರೆ!" ಅಂದರು ಯಜಮಾನ್ರು.

ಬಿಲ್ಲನ್ನು ಅವರ ಮುಂದೆ ಇಡೋಕೆ ಹೋದರೆ ಮುಂದಿನ ಲಾಟಿನ ಪ್ಯಾಕಿಂಗ್ ಲಿಸ್ಟ್ ಬಂದಿತ್ತು: 'ಕಾರ್ಡುರಾಯ್ ಥರದ ವೆಲ್ವೆಟ್'. ಜೊತೆಗೆ ಒಂದು ಸ್ಯಾಂಪಲ್ ತುಂಡು. ಯಜಮಾನ್ರು ಆಗಲೇ ಡ್ರಾಯರಿನಲ್ಲಿ ಏನೋ ತಡಕಾಡುತ್ತಿದ್ದರು.